ಬೊಂಡಾಸ್ ಜಿಗ್‌ಗೆ ಬಂದು ಬಿಟ್ಟುಹೋಗುತ್ತಿದೆ: ಸಿಕ್ಕಿಸುವುದು ಮತ್ತು ದಡಕ್ಕೆ ತರುವುದು ಹೇಗೆ?

ಉಣಕಲ್ ದಂಡೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹನ್ನೆರಡು ವರ್ಷಗಳಿಂದ ಗಾಳ ಹಾಕುತ್ತಿದ್ದೇನೆ, ಆದರೆ ನನ್ನ ಕೈಗೆ ಗೊತ್ತಿರುವುದೆಲ್ಲ ಕೆರೆ ಮತ್ತು ಹೊಳೆಯ ನೀರು. ಕಟ್ಲಾ, ರೋಹು, ತುಂಗಭದ್ರೆಯ ಬಾಳೆಮೀನು, ಇವುಗಳ ಆಚೆಗೆ ನನ್ನ ಅನುಭವ ಹೋಗಿರಲಿಲ್ಲ. ಕಳೆದ ನವೆಂಬರ್‌ನಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆ, ಕಾರವಾರಗಳ ಕಡೆ ಹೋಗಿ ಬೊಂಡಾಸ್, ಅಂದರೆ ಸ್ಕ್ವಿಡ್ ಎಂಬ ಮೆತ್ತನೆಯ ಮೈಯ ಸಮುದ್ರಜೀವಿಯನ್ನು ಹಿಡಿಯುವುದನ್ನು ಕಲಿಯಲು ತೊಡಗಿದ್ದೇನೆ.

ಮೂರು ಸಲ ಹೋಗಿ ಬಂದೆ. ಮೂರೂ ಸಲ ಸೇರಿ ಹದಿನಾಲ್ಕು ಬೊಂಡಾಸ್‌ಗಳು ಜಿಗ್ಗನ್ನು, ಅಂದರೆ ದಾರಕ್ಕೆ ಕಟ್ಟುವ ಸೂಜಿಗಳುಳ್ಳ ಕೃತಕ ಬೇಟೆಯನ್ನು, ಹಿಡಿದವು. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಬುಟ್ಟಿಗೆ ಬಿದ್ದದ್ದು ಮೂರು ಮಾತ್ರ. ಏಳು ನಾನು ಜಗ್ಗಿದ ಕ್ಷಣಕ್ಕೇ ಬಿಟ್ಟುಹೋದವು, ಎರಡು ಅರ್ಧ ದಾರಿಯಲ್ಲಿ ಕಳಚಿಕೊಂಡವು, ಉಳಿದ ಎರಡು ಕೈಬಲೆಯ ಬಾಯಿಯವರೆಗೆ ಬಂದು ತಪ್ಪಿಸಿಕೊಂಡವು. ರಾಡ್ ಎಂಟೂವರೆ ಅಡಿಯದು, ರೀಲ್ 2500ರ ಅಳತೆಯದು, ದಾರ ತೆಳ್ಳನೆಯ ಬ್ರೇಡ್ (ಎಳೆಗಳನ್ನು ಹೆಣೆದ ದಾರ), ಅದರ ತುದಿಗೆ ಒಂದೂವರೆ ಮೀಟರ್ ಫ್ಲೋರೋಕಾರ್ಬನ್ ಎಂಬ ಪಾರದರ್ಶಕ ದಾರ, ಜಿಗ್ ಸೀಗಡಿಯ ಆಕಾರದ 3.5 ನಂಬರಿನದು. ಸಾಮಾನಿನಲ್ಲಿ ದೋಷವಿದೆ ಎಂದು ನನಗೆ ಅನ್ನಿಸುವುದಿಲ್ಲ. ಕೈಯಲ್ಲಿ ದೋಷವಿದ್ದರೆ ಅದು ಯಾವುದು ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಅಂಕೋಲೆ ಮೂಲ, ಧಾರವಾಡ

ಉಣಕಲ್ಲಿನ ಸ್ನೇಹಿತರೇ, ತಾವು ಲೆಕ್ಕ ಬರೆದಿಟ್ಟದ್ದು ಒಳ್ಳೆಯದಾಯಿತು. ತೊಂದರೆಯ ಬೇರು ಆ ಏಳರಲ್ಲಿಯೇ ಕಾಣುತ್ತದೆ. ನಾನು ಹುಟ್ಟಿದ್ದು ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ. ಧಾರವಾಡದಲ್ಲಿ ಪಾಠ ಹೇಳಲು ಬಂದು ಇಪ್ಪತ್ತೆರಡು ವರ್ಷಗಳಾದವು, ಆದರೂ ರಜೆ ಸಿಕ್ಕಾಗಲೆಲ್ಲ ಸಮುದ್ರದ ಬಂಡೆಯ ಮೇಲೆ ಹೋಗಿ ನಿಲ್ಲುತ್ತೇನೆ. ಘಟ್ಟದ ಮೇಲಿನಿಂದ ನನ್ನೊಂದಿಗೆ ಬಂದ ಗೆಳೆಯರೆಲ್ಲರೂ ಮೊದಲ ವರ್ಷ ತಾವು ಮಾಡಿದ ತಪ್ಪನ್ನೇ ಮಾಡಿದ್ದಾರೆ.

ಕಟ್ಲಾ ತಿನಿಸಿನೊಂದಿಗೆ ಗಾಳವನ್ನು ಬಾಯೊಳಗೆ ಎಳೆದುಕೊಳ್ಳುತ್ತದೆ, ತಾವು ಜಗ್ಗಿದಾಗ ಗಾಳ ಗಟ್ಟಿಯಾದ ತುಟಿಗೆ ನೆಟ್ಟು, ಅದರ ಹಿಮ್ಮುಳ್ಳು ಹಿಂದೆ ಸರಿಯದಂತೆ ತಡೆಯುತ್ತದೆ. ಬೊಂಡಾಸ್ ಜಿಗ್ಗನ್ನು ಅಪ್ಪಿಕೊಳ್ಳುತ್ತದೆ. ಅದಕ್ಕೆ ಎಂಟು ಗಿಡ್ಡ ತೋಳುಗಳೂ ಎರಡು ಉದ್ದನೆಯ ಹಿಡಿಗೈಗಳೂ ಇವೆ. ಹಿಡಿಗೈಗಳ ಅಗಲವಾದ ತುದಿಯಲ್ಲಿ ಸಣ್ಣ ಹಲ್ಲಿನ ಬಳೆಗಳುಳ್ಳ ಬಟ್ಟಲುಗಳಿರುತ್ತವೆ. ಮೊದಲು ಹಿಡಿಗೈಗಳು ರಭಸದಿಂದ ಚಾಚಿ ಬೇಟೆಯನ್ನು ಅಂಟಿ ಹಿಡಿಯುತ್ತವೆ, ಬಳಿಕ ಅದನ್ನು ತೋಳುಗಳ ನಡುವೆ ಎಳೆದುಕೊಳ್ಳುತ್ತವೆ, ಗಿಳಿಯ ಕೊಕ್ಕಿನಂಥ ಬಾಯಿ ಕಚ್ಚುವುದು ಎಲ್ಲಕ್ಕಿಂತ ಕೊನೆಗೆ. ಬೇಟೆ ತೋಳುಗಳ ನಡುವೆ ಸೇರುವ ಮೊದಲೇ ಕೆರೆಯ ರೂಢಿಯಂತೆ ಜಗ್ಗಿದರೆ ಹಿಡಿಗೈಯ ತುದಿಯ ಚೂರಷ್ಟೇ ಸೂಜಿಗೆ ಸಿಗುತ್ತದೆ, ಇಲ್ಲವೇ ಏನೂ ಸಿಗುವುದಿಲ್ಲ. ತಮ್ಮ ಏಳು ಬೊಂಡಾಸ್‌ಗಳು ಹೀಗೆಯೇ ಹೋಗಿವೆ.

ಜಿಗ್ಗಿನ ಹಿಂಭಾಗವನ್ನು ಒಮ್ಮೆ ಗಮನವಿಟ್ಟು ನೋಡಿರಿ. ಕೊಡೆಯ ಕಡ್ಡಿಗಳಂತೆ ಸುತ್ತಲೂ ಮೇಲಕ್ಕೆ ಬಾಗಿದ ಸೂಜಿಗಳ ಎರಡು ಸುತ್ತುಗಳಿವೆ, ಯಾವ ಸೂಜಿಗೂ ಹಿಮ್ಮುಳ್ಳಿಲ್ಲ. ಈ ಪ್ರಾಣಿಯ ಮಾಂಸ ಮೃದು. ಒಂದು ಗಾಳ ಆಳವಾಗಿ ನೆಟ್ಟರೆ ಭಾರಕ್ಕೆ ಹರಿದುಬಿಡುತ್ತದೆ, ಹತ್ತಾರು ಸೂಜಿಗಳು ಸ್ವಲ್ಪ ಸ್ವಲ್ಪ ಚುಚ್ಚಿಕೊಂಡರೆ ಭಾರ ಹಂಚಿಹೋಗುತ್ತದೆ. ಹಿಮ್ಮುಳ್ಳಿಲ್ಲದ ಕಾರಣ ಬೊಂಡಾಸನ್ನು ಜಿಗ್ಗಿನ ಮೇಲೆ ಇಟ್ಟಿರುವುದು ದಾರದ ಬಿಗಿ ಮಾತ್ರ. ಆ ಬಿಗಿ ಒಂದು ಕ್ಷಣ ಸಡಿಲವಾದರೂ ಅದು ಜಾರುತ್ತದೆ, ಮಾಂಸ ತಾಳುವುದಕ್ಕಿಂತ ಹೆಚ್ಚಾದರೆ ಹರಿದುಕೊಂಡು ಹೋಗುತ್ತದೆ. ತಮ್ಮ ಮೂರೂ ಬಗೆಯ ನಷ್ಟ ಈ ಎರಡು ಕಾರಣಗಳಿಂದಲೇ ಆಗಿದೆ.

ಆದ್ದರಿಂದ ಜಗ್ಗುವುದರ ಬದಲು ಎತ್ತುವುದನ್ನು ಕಲಿಯಬೇಕು. ಭಾರ ತಿಳಿದ ಕೂಡಲೇ ರಾಡಿನ ತುದಿಯನ್ನು ನೀರಿನ ಮಟ್ಟದಿಂದ ತಲೆಯ ಎತ್ತರದವರೆಗೆ, ಬಾವಿಯಿಂದ ತುಂಬಿದ ಕೊಡವನ್ನು ಸೇದುವಾಗ ಮೊದಲ ಮೊಳ ಎಳೆಯುವಂತೆ, ಒಂದೇ ನಡೆಯಲ್ಲಿ ಎತ್ತಿರಿ. ಎತ್ತುತ್ತಿರುವಾಗಲೇ ರೀಲ್ ತಿರುಗಲು ಆರಂಭವಾಗಿರಬೇಕು.

ಹಮ್ಮಿಗಿ ಹೊಳೆ, ಗದಗ

ಮಾಸ್ತರರ ಮಾತನ್ನು ಗೌರವಿಸುತ್ತೇನೆ, ಆದರೆ ನನ್ನ ಅನುಭವ ಬೇರೆಯಾಗಿದೆ. ನಾನು ತದಡಿ ಮತ್ತು ಕುಮಟೆಯ ಕಡೆ ನಾಲ್ಕು ವರ್ಷಗಳಿಂದ ಹೋಗುತ್ತಿದ್ದೇನೆ. ಮೊದಲ ವರ್ಷ ಯಾರೋ ಹೇಳಿದಂತೆ ಮೆಲ್ಲಗೆ ಎತ್ತುತ್ತಿದ್ದೆ, ಹತ್ತರಲ್ಲಿ ಆರು ಬಿಟ್ಟುಹೋಗುತ್ತಿದ್ದವು. ಆ ಮೇಲೆ ಹೊಳೆಯಲ್ಲಿ ಬಾಳೆಮೀನಿಗೆ ಜಗ್ಗುವಂತೆ ಬಲವಾಗಿ ಜಗ್ಗಲು ಆರಂಭಿಸಿದೆ, ಈಗ ಹತ್ತರಲ್ಲಿ ಎಂಟು ದಡಕ್ಕೆ ಬರುತ್ತವೆ. ಸೂಜಿ ತೋಳಿನ ಸ್ನಾಯುವಿಗೆ ಇಳಿಯಬೇಕಾದರೆ ಪೆಟ್ಟು ಬೇಕೇ ಬೇಕು ಎಂಬುದು ನನ್ನ ನಂಬಿಕೆ.

ಅಂಕೋಲೆ ಮೂಲ, ಧಾರವಾಡ

ಗದಗಿನ ಸಹೋದರರೇ, ತಮ್ಮ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ: ತಾವು ಬಳಸುವ ದಾರ ಯಾವುದು?

ಹಮ್ಮಿಗಿ ಹೊಳೆ, ಗದಗ

ನೈಲಾನ್. ಹೊಳೆಯಲ್ಲಿ ಬಳಸುವ ಅದೇ ರೀಲು, ಅದೇ ದಾರ.

ಅಂಕೋಲೆ ಮೂಲ, ಧಾರವಾಡ

ಹಾಗಾದರೆ ನಮ್ಮಿಬ್ಬರ ಮಾತಿನಲ್ಲಿ ವಿರೋಧವಿಲ್ಲ. ನೈಲಾನ್ ಹಿಗ್ಗುತ್ತದೆ. ಜಿಗ್ ಮೂವತ್ತು ನಲವತ್ತು ಮೀಟರ್ ದೂರದಲ್ಲಿರುವಾಗ ತಾವು ಕೈಯಲ್ಲಿ ಕೊಟ್ಟ ಪೆಟ್ಟಿನ ಬಹುಪಾಲನ್ನು ದಾರವೇ ನುಂಗಿಕೊಳ್ಳುತ್ತದೆ, ಬೊಂಡಾಸ್‌ಗೆ ತಲುಪುವುದು ಮೆಲ್ಲಗೆ ಎತ್ತಿದಷ್ಟೇ ಬಲ. ತಾವು ಮೊದಲ ವರ್ಷ ಮೆಲ್ಲಗೆ ಎತ್ತಿದಾಗ ಸೂಜಿಗೆ ಏನೂ ತಲುಪಿರಲಿಕ್ಕಿಲ್ಲ. ಉಣಕಲ್ಲಿನ ಸ್ನೇಹಿತರ ಬ್ರೇಡ್ ಹಿಗ್ಗುವುದೇ ಇಲ್ಲ ಎನ್ನಬಹುದು. ಅವರು ಕೊಟ್ಟ ಪೆಟ್ಟು ಇದ್ದದ್ದು ಇದ್ದ ಹಾಗೆ ಆ ಮೃದು ಮಾಂಸಕ್ಕೆ ಬೀಳುತ್ತದೆ. ಅದೇ ಕೈ, ಅದೇ ಬಲ, ದಾರ ಬದಲಾದಾಗ ಪರಿಣಾಮವೂ ಬದಲಾಗುತ್ತದೆ.

ಬ್ರೇಡ್ ಬಳಸುವವರಿಗೆ ಹಿಗ್ಗುವ ಕೆಲಸವನ್ನು ರಾಡಿನ ತುದಿ ಮತ್ತು ರೀಲಿನ ಡ್ರ್ಯಾಗ್, ಅಂದರೆ ಎಳೆತ ಹೆಚ್ಚಾದಾಗ ದಾರವನ್ನು ಬಿಟ್ಟುಕೊಡುವ ಬಿಗಿತದ ವ್ಯವಸ್ಥೆ, ಮಾಡಬೇಕಾಗುತ್ತದೆ. ಡ್ರ್ಯಾಗನ್ನು ಅಳೆಯಲು ಸುಲಭವಾದ ಉಪಾಯವಿದೆ. ಒಂದು ಲೀಟರಿನ ನೀರಿನ ಬಾಟಲಿಯನ್ನು ಅರ್ಧ ತುಂಬಿಸಿ ದಾರದ ತುದಿಗೆ ಕಟ್ಟಿರಿ, ಅದರ ತೂಕ ಅರ್ಧ ಕಿಲೋಗ್ರಾಂ ಇರುತ್ತದೆ. ರಾಡನ್ನು ಮೆಲ್ಲಗೆ ಎತ್ತಿದಾಗ ಬಾಟಲಿ ನೆಲ ಬಿಡಬೇಕು, ರಾಡನ್ನು ಸ್ವಲ್ಪ ಜೋರಾಗಿ ಕುಲುಕಿದರೆ ರೀಲ್ ಕಿರ್ರೆಂದು ದಾರ ಬಿಡಬೇಕು. ನಾನು ಈ ಮಟ್ಟದಿಂದಲೇ ಆರಂಭಿಸುತ್ತೇನೆ. ಬಂಡೆಗಳ ನಡುವೆ ಇರುವ ದೊಡ್ಡ ರೆಕ್ಕೆಯ ಬೊಂಡಾಸ್ ಸಿಗುವ ಜಾಗದಲ್ಲಿ ತುಸು ಬಿಗಿ ಮಾಡುತ್ತೇನೆ, ಏಕೆಂದರೆ ಅದು ಒಂದು ಕಿಲೋ ಮೀರಿ ಬೆಳೆಯುತ್ತದೆ ಮತ್ತು ಬಿಟ್ಟರೆ ಬಂಡೆಯ ಸಂದಿಗೆ ದಾರವನ್ನು ಒಯ್ಯುತ್ತದೆ. ನಮ್ಮ ಮಾರುಕಟ್ಟೆಗೆ ಹೆಚ್ಚಾಗಿ ಬರುವ ಸಾಮಾನ್ಯ ಬೊಂಡಾಸ್ ಗೇಣಿನಷ್ಟು ಉದ್ದದ್ದು, ಅದಕ್ಕೆ ಇಷ್ಟು ಸಾಕು. ಅಂಥವು ಬರುವ ದಿನ 3.5 ನಂಬರಿನ ಜಿಗ್ಗನ್ನು ತೆಗೆದು 2.5 ಕಟ್ಟುವುದು ಲೇಸು. ಆ ನಂಬರು ಜಪಾನಿನ ಹಳೆಯ ಅಳತೆಯದು, ಒಂದಕ್ಕೆ ಸುಮಾರು 3 ಸೆಂಟಿಮೀಟರ್, 3.5 ಎಂದರೆ ಹತ್ತೂವರೆ ಸೆಂಟಿಮೀಟರ್ ಉದ್ದ, ಗೇಣುದ್ದದ ಬೊಂಡಾಸ್‌ಗೆ ಅಪ್ಪಿಕೊಳ್ಳಲು ಅದು ದೊಡ್ಡದು. ದೊಡ್ಡ ಜಿಗ್ಗನ್ನು ಚಿಕ್ಕ ಬೊಂಡಾಸ್ ಹಿಡಿಗೈಯಿಂದ ಮುಟ್ಟಿ ಮುಟ್ಟಿ ನೋಡುತ್ತದೆಯೇ ಹೊರತು ತೋಳಿಗೆ ತೆಗೆದುಕೊಳ್ಳುವುದಿಲ್ಲ.

ಉಣಕಲ್ ದಂಡೆ, ಹುಬ್ಬಳ್ಳಿ

ಬಾಟಲಿಯ ಪರೀಕ್ಷೆಯನ್ನು ಈಗಷ್ಟೇ ಮನೆಯ ಮಹಡಿಯಿಂದ ಮಾಡಿ ನೋಡಿದೆ. ನನ್ನ ಡ್ರ್ಯಾಗ್ ತುಂಬಿದ ಬಾಟಲಿಯನ್ನು ಕುಲುಕಿದರೂ ಒಂದು ಅಂಗುಲ ದಾರ ಬಿಡಲಿಲ್ಲ. ಕಟ್ಲಾಕ್ಕೆ ಹೊಂದಿಸಿದ್ದನ್ನು ಹಾಗೆಯೇ ಸಮುದ್ರಕ್ಕೆ ಒಯ್ದಿದ್ದೆ.

ಇನ್ನೊಂದು ಸಂದೇಹ. ಮಾಸ್ತರರು ಭಾರ ತಿಳಿದ ಕೂಡಲೇ ಎಂದಿದ್ದೀರಿ. ನನಗೆ ಭಾರ ತಿಳಿಯುವುದು ಜಿಗ್ಗನ್ನು ಮತ್ತೆ ಕುಣಿಸಲು ರಾಡ್ ಎತ್ತಿದಾಗ, ಆಗ ಅದಾಗಲೇ ಜಗ್ಗಿದಂತೆ ಆಗಿಬಿಟ್ಟಿರುತ್ತದೆ. ಅದಕ್ಕೆ ಮೊದಲೇ ತಿಳಿಯುವ ಮಾರ್ಗವಿದೆಯೇ?

ಅಂಕೋಲೆ ಮೂಲ, ಧಾರವಾಡ

ಇದೆ, ಮತ್ತು ಬೊಂಡಾಸ್ ಹಿಡಿಯುವುದರಲ್ಲಿ ಕಲಿಯಲು ಅತಿ ಹೆಚ್ಚು ಕಾಲ ಹಿಡಿಯುವುದು ಇದೇ. ಜಿಗ್ಗನ್ನು ಎರಡು ಸಲ ಮೇಲಕ್ಕೆ ಕುಣಿಸಿ ಬಿಟ್ಟಾಗ ಅದು ಮೂಗು ತಗ್ಗಿಸಿ ಮೆಲ್ಲಗೆ ಇಳಿಯುತ್ತದೆ. ಕುಣಿತ ದೂರದಲ್ಲಿರುವ ಬೊಂಡಾಸನ್ನು ಕರೆಯುವುದಕ್ಕೆ, ಅದು ಹಿಡಿಯುವುದು ಹೆಚ್ಚಾಗಿ ಇಳಿತದಲ್ಲಿ. ಹೀಗಾಗಿ ಇಳಿಯುವಾಗ ಕಣ್ಣು ದಾರದ ಮೇಲಿರಬೇಕು. ರಾಡಿನ ತುದಿಯಿಂದ ನೀರಿನವರೆಗೆ ದಾರ ಸಣ್ಣದೊಂದು ಬಾಗಿನಲ್ಲಿ ತೂಗುತ್ತಿರುತ್ತದೆ. ಆ ಬಾಗು ಇದ್ದಕ್ಕಿದ್ದಂತೆ ನೆಟ್ಟಗಾದರೆ ಬೊಂಡಾಸ್ ಜಿಗ್ಗನ್ನು ಹಿಡಿದು ಹಿಂದಕ್ಕೆ ಸರಿಯುತ್ತಿದೆ ಎಂದು ತಿಳಿಯಿರಿ. ಇನ್ನೂ ಇಳಿಯಬೇಕಾಗಿದ್ದ ದಾರ ನಿಂತುಬಿಟ್ಟರೆ ಅದು ಜಿಗ್ಗನ್ನು ಹೊತ್ತು ನಿಂತಿದೆ, ಬಾಗು ಹೆಚ್ಚಾಗಿ ದಾರ ಸಡಿಲವಾದರೆ ತಮ್ಮ ಕಡೆಗೆ ಬರುತ್ತಿದೆ. ಕೊನೆಯದನ್ನು ಹೊಸಬರು ಗುರುತಿಸುವುದೇ ಇಲ್ಲ. ಆ ಸಂದರ್ಭದಲ್ಲಿ ಮೊದಲು ರೀಲ್ ಸುತ್ತಿ ಸಡಿಲನ್ನು ತೆಗೆದು, ಆ ಮೇಲೆ ಎತ್ತಬೇಕು.

ಗುರುತು ಸಿಕ್ಕ ಮೇಲೆ ನಾನು ಒಂದು ಉಸಿರಿನಷ್ಟು ಕಾಲ ತಡೆಯುತ್ತೇನೆ. ಹಿಡಿಗೈಯಿಂದ ತೋಳಿಗೆ ಜಿಗ್ ಹೋಗಲು ಅಷ್ಟು ಕಾಲ ಸಾಕು. ಹೆಚ್ಚು ತಡೆದರೆ ಕೊಕ್ಕಿಗೆ ಸಿಗುವುದು ಗಟ್ಟಿ ಪ್ಲಾಸ್ಟಿಕ್ ಎಂದು ತಿಳಿದು ಬಿಟ್ಟುಬಿಡುತ್ತದೆ.

ತಪ್ಪಿತೆಂದು ಕೂಡಲೇ ಸುತ್ತಿಕೊಳ್ಳಬೇಡಿರಿ. ಮೀನಿನಂತೆ ಬೆದರಿ ಓಡಿಹೋಗುವ ಸ್ವಭಾವ ಇದಕ್ಕೆ ಕಡಿಮೆ. ಸೂಜಿ ಆಳವಾಗಿ ಗಾಯ ಮಾಡದಿದ್ದರೆ ಅಲ್ಲಿಯೇ ನಿಂತು ನೋಡುತ್ತಿರುತ್ತದೆ. ಜಿಗ್ಗನ್ನು ಎತ್ತಿದಲ್ಲಿಂದಲೇ ಮತ್ತೆ ಇಳಿಯಲು ಬಿಟ್ಟು, ಸಣ್ಣಗೆ ಒಮ್ಮೆ ನಡುಗಿಸಿ ನಿಲ್ಲಿಸಿದರೆ ಅದೇ ಬೊಂಡಾಸ್ ಎರಡನೆಯ ಸಲ ಬರುವುದನ್ನು ನಾನು ತಿಳಿನೀರಿನಲ್ಲಿ ಕಣ್ಣಾರೆ ಎಷ್ಟೋ ಬಾರಿ ಕಂಡಿದ್ದೇನೆ.

ಹಮ್ಮಿಗಿ ಹೊಳೆ, ಗದಗ

ಇಳಿತದ ವಿಷಯ ಬಂದದ್ದರಿಂದ ನನ್ನ ಒಂದು ಅಭ್ಯಾಸವನ್ನು ಇಲ್ಲಿ ಹೇಳುತ್ತೇನೆ. ಸಮುದ್ರ ನಮಗೆ ಐದಾರು ತಾಸಿನ ದಾರಿ, ತಿಂಗಳಿಗೊಮ್ಮೆಯೂ ಹೋಗಲಾಗುವುದಿಲ್ಲ. ನಮ್ಮ ಹೊಲದಲ್ಲಿ ಕೃಷಿ ಹೊಂಡವಿದೆ. ಬೇಸಿಗೆಗೆ ಮೊದಲು ನೀರು ತಿಳಿಯಾಗಿರುವಾಗ ಅದರ ದಂಡೆಯ ಮೇಲೆ ನಿಂತು ಪ್ರತಿ ಜಿಗ್ಗನ್ನೂ ಇಳಿಬಿಟ್ಟು, ಎರಡು ಮೀಟರ್ ಇಳಿಯಲು ಎಷ್ಟು ಸೆಕೆಂಡ್ ಬೇಕಾಗುತ್ತದೆ ಎಂದು ಎಣಿಸಿ ಡಬ್ಬಿಯ ಮೇಲೆ ಬರೆಯುತ್ತೇನೆ. ಸಾಮಾನ್ಯ 3.5 ನಂಬರಿನದು ಮೀಟರಿಗೆ ಸುಮಾರು 3 ಸೆಕೆಂಡ್ ತೆಗೆದುಕೊಳ್ಳುತ್ತದೆ. ಸಮುದ್ರದ ಉಪ್ಪುನೀರು ಹೆಚ್ಚು ಸಾಂದ್ರವಾದ್ದರಿಂದ ಅಲ್ಲಿ ಅದೇ ಜಿಗ್ ಇನ್ನೂ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ತಳ ಎಷ್ಟು ಆಳದಲ್ಲಿದೆ ಎಂದು ಮೊದಲ ಎಸೆತದಲ್ಲಿ ಎಣಿಸಿಕೊಂಡರೆ, ಮುಂದಿನ ಎಸೆತಗಳಲ್ಲಿ ಎಣಿಕೆ ಮುಗಿಯುವ ಮೊದಲೇ ದಾರ ನಿಂತಾಗ ಅದು ತಳವಲ್ಲ, ಬೊಂಡಾಸ್ ಎಂದು ಖಚಿತವಾಗಿ ತಿಳಿಯುತ್ತದೆ. ಮಾಸ್ತರರು ಹೇಳಿದ ಗುರುತನ್ನು ನಾನು ಕಣ್ಣಿನ ಬದಲು ಎಣಿಕೆಯಿಂದ ಹಿಡಿಯುತ್ತೇನೆ. ಮುಸ್ಸಂಜೆ ದಾಟಿ ದಾರ ಕಾಣದಾದಾಗ ಎಣಿಕೆಯೇ ನಮಗೆ ಆಧಾರ.

ದಾರದ ವಿಷಯದಲ್ಲಿ ಮಾಸ್ತರರು ಹೇಳಿದ್ದು ಸರಿ ಎಂದು ಒಪ್ಪುತ್ತೇನೆ. ಬ್ರೇಡ್ ತೆಗೆದುಕೊಂಡು ನೋಡುತ್ತೇನೆ.

ಕುಮಟೆ ತವರು, ಹಾವೇರಿ

ಅಣ್ಣಂದಿರೇ, ಸಿಕ್ಕಿಸುವ ಮಾತು ಚೆನ್ನಾಗಿ ನಡೆದಿದೆ, ದಡಕ್ಕೆ ತರುವ ಮಾತನ್ನು ನಾನು ಆರಂಭಿಸುತ್ತೇನೆ. ನನ್ನ ತಂದೆ ಕುಮಟೆಯಲ್ಲಿ ಪಾತಿದೋಣಿಯಲ್ಲಿ ಹೋಗಿ ರಾಡಿಲ್ಲದೆ, ರೀಲಿಲ್ಲದೆ, ಬರಿಯ ಕೈದಾರಕ್ಕೆ ಜಿಗ್ ಕಟ್ಟಿ ಬೊಂಡಾಸ್ ಹಿಡಿಯುತ್ತಿದ್ದರು. ಮದುವೆಯಾಗಿ ಹಾವೇರಿಗೆ ಬರುವವರೆಗೂ ನಾನು ಅವರ ಜೊತೆ ದೋಣಿಯಲ್ಲಿ ಕುಳಿತು ದಾರ ಎಳೆದಿದ್ದೇನೆ. ರಾಡ್ ಹಿಡಿದವರಿಗೆ ಸಿಗದ ಒಂದು ತಿಳಿವಳಿಕೆ ಕೈದಾರದಲ್ಲಿ ಸಿಗುತ್ತದೆ, ಏಕೆಂದರೆ ಬೊಂಡಾಸ್ ಏನು ಮಾಡುತ್ತಿದೆ ಎಂಬುದು ನೇರವಾಗಿ ಬೆರಳಿಗೆ ಬರುತ್ತದೆ.

ಮೀನು ಬಾಲ ಬೀಸಿ ಬಿಡುವಿಲ್ಲದೆ ಎಳೆಯುತ್ತದೆ. ಬೊಂಡಾಸ್ ಒಡಲಿನೊಳಗೆ ನೀರು ತುಂಬಿಕೊಂಡು, ತಲೆಯ ಕೆಳಗಿರುವ ನಳಿಗೆಯಿಂದ ರಭಸವಾಗಿ ಚಿಮ್ಮಿಸಿ ಹಿಂದಕ್ಕೆ ಹಾರುತ್ತದೆ, ಮತ್ತೆ ನೀರು ತುಂಬಿಕೊಳ್ಳಲು ನಿಲ್ಲುತ್ತದೆ. ಬೆರಳಿಗೆ ಇದು ಎಳೆತ, ಬಿಡುವು, ಎಳೆತ, ಬಿಡುವು ಎಂದು ತಿಳಿಯುತ್ತದೆ. ಎಳೆತದಲ್ಲಿ ದಾರ ಬೆರಳ ನಡುವೆ ಜಾರಲು ಬಿಡಬೇಕು, ಬಿಡುವಿನಲ್ಲಿ ಒಂದು ಕೈಯ ಮೇಲೆ ಇನ್ನೊಂದು ಕೈ ಹಾಕಿ ನಿಲ್ಲಿಸದೆ ಎಳೆಯಬೇಕು. ಬಹಳ ಮಂದಿ ತಪ್ಪುವುದು ಬಿಡುವಿನಲ್ಲಿ. ಎಳೆತ ನಿಂತಿತೆಂದು ಕೈ ಸಹ ನಿಂತುಬಿಡುತ್ತದೆ, ಅಷ್ಟರಲ್ಲಿ ದಾರ ಸಡಿಲವಾಗಿ ಸೂಜಿಗಳು ಕಳಚುತ್ತವೆ. ಉಣಕಲ್ ಅಣ್ಣನವರಿಗೆ ಅರ್ಧ ದಾರಿಯಲ್ಲಿ ಹೋದ ಎರಡೂ ಹೀಗೆ ಹೋಗಿರಬಹುದು. ರಾಡಿನಲ್ಲಿ ದೊಡ್ಡ ಮೀನಿಗೆ ಮಾಡುವಂತೆ ರಾಡನ್ನು ಎತ್ತುವುದು, ಇಳಿಸುವುದು, ಇಳಿಸುವಾಗ ಸುತ್ತುವುದು, ಈ ಪದ್ಧತಿಯನ್ನು ಬೊಂಡಾಸ್‌ಗೆ ಬಳಸಲೇಬಾರದು. ಇಳಿಸುವ ಪ್ರತಿ ಸಲವೂ ಬಿಗಿ ಹೋಗುತ್ತದೆ. ರಾಡನ್ನು ಒಂದೇ ಕೋನದಲ್ಲಿ ಹಿಡಿದು ಒಂದೇ ವೇಗದಲ್ಲಿ ಸುತ್ತಿರಿ, ಅದು ಚಿಮ್ಮಿದಾಗ ಡ್ರ್ಯಾಗ್ ಬಿಡಲಿ, ಆದರೂ ಸುತ್ತುವ ಕೈ ನಿಲ್ಲದಿರಲಿ.

ದೋಣಿಯಲ್ಲಿ ಒಂದೇ ದಾರಕ್ಕೆ ನಾಲ್ಕೈದು ಜಿಗ್ ಕಟ್ಟಿ ಇಳಿಸುವವರು ಇದ್ದಾರೆ. ಅಲ್ಲಿಯೂ ನಿಯಮ ಇದೇ. ಕೆಳಗಿನ ಜಿಗ್ಗಿಗೆ ಇನ್ನೊಂದು ಬರಲಿ ಎಂದು ಮೊದಲನೆಯದನ್ನು ಸಿಕ್ಕಿಸಿಕೊಂಡು ದಾರವನ್ನು ಮತ್ತೆ ಕೆಳಗೆ ಬಿಟ್ಟರೆ ಮೊದಲನೆಯದು ಹೋಗುತ್ತದೆ. ಬೇಕಿದ್ದರೆ ವೇಗ ತಗ್ಗಿಸಬಹುದು, ದಿಕ್ಕು ಬದಲಿಸಬಾರದು.

ಉಣಕಲ್ ದಂಡೆ, ಹುಬ್ಬಳ್ಳಿ

ಅಕ್ಕಾ, ತಾವು ಹೇಳಿದ್ದು ಅಕ್ಷರಶಃ ನಿಜ. ನಾನು ರಾಡನ್ನು ಎತ್ತಿ ಇಳಿಸಿಯೇ ಸುತ್ತುತ್ತಿದ್ದೆ. ಹನ್ನೆರಡು ವರ್ಷ ಕಟ್ಲಾಕ್ಕೆ ಕಲಿಸಿದ ಕೈಯನ್ನು ಈಗ ತಿದ್ದಬೇಕಾಗಿದೆ. ಇನ್ನು ಕೈಬಲೆಯ ಬಾಯಿಯಲ್ಲಿ ತಪ್ಪಿಸಿಕೊಂಡ ಆ ಎರಡರ ಬಗ್ಗೆ ತಿಳಿಸಿರಿ. ಎರಡೂ ಸಲ ಗೆಳೆಯನೊಬ್ಬ ಬಲೆಯನ್ನು ಬೊಂಡಾಸಿನ ಮುಂದಿನಿಂದ, ಅಂದರೆ ದಾರ ಬರುವ ಕಡೆಯಿಂದ ಹಾಕಿದ. ಬಲೆ ನೀರಿಗೆ ತಾಕಿದ ಕೂಡಲೇ ಅದು ಹಿಂದಕ್ಕೆ ಹಾರಿತು.

ಕುಮಟೆ ತವರು, ಹಾವೇರಿ

ಬೆದರಿದಾಗ ಅದು ಹಾರುವುದು ಸಾಮಾನ್ಯವಾಗಿ ಬೆನ್ನ ತುದಿಯ ಕಡೆಗೆ, ರೆಕ್ಕೆಗಳಿರುವ ಕಡೆಗೆ. ದಾರದ ಕಡೆಯಿಂದ ಬಲೆ ಬಂದರೆ ಅದಕ್ಕೆ ಹಾರಲು ಹಿಂದೆ ಇಡೀ ಸಮುದ್ರವಿರುತ್ತದೆ. ಬಲೆಯನ್ನು ಮೊದಲೇ ನೀರಿನೊಳಗೆ ಇಳಿಸಿ ಅಲುಗಾಡಿಸದೆ ಹಿಡಿದಿರಬೇಕು, ಬೊಂಡಾಸನ್ನು ಅದರ ಮುಂದೆ ತಂದು ಬೆನ್ನಿನ ತುದಿ ಬಲೆಯ ಬಾಯಿಗೆ ಬರುವಂತೆ ತಿರುಗಿಸಬೇಕು. ಆಗ ಅದು ಬೆದರಿ ಹಾರಿದರೆ ಬಲೆಯ ಒಳಕ್ಕೇ ಹಾರುತ್ತದೆ. ನಮ್ಮ ಹೆದರಿಕೆಯೂ ಅದರ ಹೆದರಿಕೆಯೂ ಆಗ ಒಂದೇ ಕೆಲಸ ಮಾಡುತ್ತವೆ.

ಮೇಲಕ್ಕೆ ಎತ್ತುವ ಮೊದಲು ಅದನ್ನು ನೀರಿನ ಮೇಲ್ಮೈಯಲ್ಲಿ ಐದಾರು ಸೆಕೆಂಡ್ ಹಿಡಿದಿರಿ. ಒಡಲಿನಲ್ಲಿರುವ ನೀರನ್ನೂ ಮಸಿಯನ್ನೂ ಅದು ಅಲ್ಲಿಯೇ ಉಗುಳಲಿ. ನೀರು ಹೋದ ಮೇಲೆ ತೂಕವೂ ಕಡಿಮೆಯಾಗುತ್ತದೆ, ಚಿಮ್ಮುವ ಶಕ್ತಿಯೂ ಇಳಿಯುತ್ತದೆ. ಕೈಗೆ ತೆಗೆದುಕೊಳ್ಳುವಾಗ ಬೆನ್ನ ಕಡೆಯಿಂದ, ತಲೆಯ ಹಿಂದೆ ಹಿಡಿದು, ನಳಿಗೆಯ ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿರಿ. ಬೆರಳು ತೋಳುಗಳ ನಡುವೆ ಹೋಗದಂತೆ ನೋಡಿಕೊಳ್ಳಿರಿ, ಕೊಕ್ಕು ಗಟ್ಟಿಯಾಗಿ ಕಚ್ಚುತ್ತದೆ.

ಅಂಕೋಲೆ ಮೂಲ, ಧಾರವಾಡ

ತಂಗಿ ಹೇಳಿದ್ದಕ್ಕೆ ಬಂಡೆ ಮತ್ತು ಜೆಟ್ಟಿಯ ಮೇಲೆ ನಿಲ್ಲುವವರ ಸಲುವಾಗಿ ಸ್ವಲ್ಪ ಸೇರಿಸುತ್ತೇನೆ. ಎತ್ತರದ ಜೆಟ್ಟಿಯಿಂದ ಗೇಣುದ್ದದ ಬೊಂಡಾಸನ್ನು ದಾರದಿಂದಲೇ ಎತ್ತಬಹುದು, ಆದರೆ ತೂಗಾಡಿಸದೆ, ನಿಲ್ಲಿಸದೆ ಎತ್ತಬೇಕು. ನೀರಿನಲ್ಲಿದ್ದಾಗ ನೀರು ಅದರ ತೂಕವನ್ನು ಹೊತ್ತಿರುತ್ತದೆ. ಗಾಳಿಗೆ ಬಂದ ಕೂಡಲೇ ಇಡೀ ತೂಕ ಆ ನಾಲ್ಕಾರು ಸೂಜಿಗಳ ಮೇಲೆ ಬೀಳುತ್ತದೆ. ಅರ್ಧ ಕಿಲೋ ಮೀರಿದ್ದನ್ನು ಹಾಗೆ ಎತ್ತುವುದು ಸಾಹಸವೇ ಸರಿ. ಉದ್ದ ಹಿಡಿಕೆಯ ಕೈಬಲೆ ಇಲ್ಲದೆ ಜೆಟ್ಟಿಗೆ ಹೋಗಬಾರದು. ಬಂಡೆಯ ಮೇಲಿದ್ದರೆ ಅಲೆಯನ್ನು ಬಳಸಿಕೊಳ್ಳಿರಿ: ಬೊಂಡಾಸನ್ನು ಹತ್ತಿರ ತಂದು ಕಾದು, ಏರುವ ಅಲೆಯೊಂದಿಗೆ ಅದನ್ನು ಬಂಡೆಯ ಇಳಿಜಾರಿನ ಮೇಲೆ ಜಾರಿಸಿ, ಅಲೆ ಹಿಂದೆ ಸರಿಯುವಾಗ ದಾರವನ್ನು ಬಿಗಿಯಾಗಿ ಹಿಡಿದಿದ್ದರೆ ಅದು ಬಂಡೆಯ ಮೇಲೆ ಉಳಿಯುತ್ತದೆ.

ಅಲೆಯ ಮಾತು ಬಂದಾಗ ಒಂದು ವಿನಂತಿ. ಘಟ್ಟದ ಮೇಲಿನವರಿಗೆ ಸಮುದ್ರದ ಏರಿಳಿತ ಹೊಸದು. ಬಂಡೆಗೆ ಇಳಿಯುವ ಮೊದಲು ಹತ್ತು ಹದಿನೈದು ನಿಮಿಷ ದೂರ ನಿಂತು ದೊಡ್ಡ ಅಲೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿರಿ, ಒದ್ದೆಯಾದ ಬಂಡೆಯ ಮೇಲೆ ನಿಲ್ಲಬೇಡಿರಿ, ಜೀವರಕ್ಷಕ ಅಂಗಿಯನ್ನು ಧರಿಸಿರಿ. ಬಲೆ ಹಿಡಿದು ಕೆಳಗೆ ಬಾಗುವವನೇ ಹೆಚ್ಚು ಅಪಾಯದಲ್ಲಿರುತ್ತಾನೆ. ಕಾರವಾರದ ಕಡೆ ನೌಕಾನೆಲೆಯ ನಿರ್ಬಂಧಿತ ಪ್ರದೇಶದ ಹತ್ತಿರವೂ ಸುಳಿಯಬಾರದು.

ಗಣೇಶಪೇಟೆ, ಹುಬ್ಬಳ್ಳಿ

ಬೆಳಕಿಗೆ ಬೊಂಡಾಸ್ ಬರುತ್ತದೆ ಎಂದು ಕೇಳಿದ್ದೇನೆ. ನಾವು ಐದು ಜನ ಸೇರಿ ದೋಣಿ ಬಾಡಿಗೆಗೆ ಪಡೆದು, ಜನರೇಟರ್ ಮತ್ತು ಎಲ್‌ಇಡಿ ದೀಪಗಳನ್ನು ಒಯ್ದರೆ ಸಿಕ್ಕಿಸುವುದು ಸುಲಭವಾಗುತ್ತದೆಯೇ?

ಅಂಕೋಲೆ ಮೂಲ, ಧಾರವಾಡ

ದಯವಿಟ್ಟು ಅದನ್ನು ಮಾಡಬೇಡಿರಿ. ಎಲ್‌ಇಡಿಯಂಥ ಕೃತಕ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರವು 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ, ನಮ್ಮ ರಾಜ್ಯದಲ್ಲಿಯೂ ಅದಕ್ಕೆ ನಿಷೇಧವಿದೆ. ಈ ನಿಷೇಧಕ್ಕಾಗಿ ಕರಾವಳಿಯ ಸಾಂಪ್ರದಾಯಿಕ ಮೀನುಗಾರರು ಬಹಳ ಹೋರಾಡಿದ್ದಾರೆ, ಹವ್ಯಾಸಕ್ಕೆ ಹೋಗುವ ನಾವು ಅದನ್ನು ಮುರಿಯುವುದು ನ್ಯಾಯವಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧವೂ ಇದೆ, ಆ ಕಾಲದಲ್ಲಿ ದೋಣಿ ಬಾಡಿಗೆಗೆ ಕೇಳುವುದೂ ಬೇಡ. ಮಳೆಗಾಲದಲ್ಲಿ ಅಳಿವೆಗಳಿಂದ ಸಿಹಿನೀರು ಕೆಂಪಗೆ ನುಗ್ಗುವುದರಿಂದ ಬೊಂಡಾಸ್ ದಡದ ಹತ್ತಿರ ನಿಲ್ಲುವುದೂ ಇಲ್ಲ. ಜೆಟ್ಟಿಯ ಮೇಲೆ ಮೊದಲೇ ಇರುವ ದೀಪದ ಬೆಳಕು ನೀರಿಗೆ ಬಿದ್ದಿದ್ದರೆ, ಬೆಳಕೂ ನೆರಳೂ ಕೂಡುವ ಅಂಚಿನಲ್ಲಿ, ನೆರಳಿನ ಕಡೆಗೆ ಜಿಗ್ಗನ್ನು ಇಳಿಯಬಿಡಿರಿ. ಬೊಂಡಾಸ್ ನೆರಳಿನಲ್ಲಿ ನಿಂತು ಬೆಳಕಿನಲ್ಲಿರುವ ಮರಿಮೀನುಗಳನ್ನು ಕಾಯುತ್ತಿರುತ್ತದೆ.

ಉಣಕಲ್ ದಂಡೆ, ಹುಬ್ಬಳ್ಳಿ

ನಿನ್ನೆ ಹೋಗಿ ಬಂದೆ, ವರದಿ ಒಪ್ಪಿಸುತ್ತಿದ್ದೇನೆ. ಮಧ್ಯಾಹ್ನ ಹನ್ನೆರಡಕ್ಕೆ ಹುಬ್ಬಳ್ಳಿ ಬಿಟ್ಟು, ಅಂಕೋಲೆಯ ಕಡೆಯ ಬಂಡೆಯ ಮೇಲೆ ಸಂಜೆ ನಾಲ್ಕರಿಂದ ಎಂಟರವರೆಗೆ ನಿಂತಿದ್ದೆ. ಡ್ರ್ಯಾಗನ್ನು ಅರ್ಧ ಬಾಟಲಿಗೆ ಹೊಂದಿಸಿದ್ದೆ, 2.5 ನಂಬರಿನ ಜಿಗ್ ಕಟ್ಟಿದ್ದೆ, ಬ್ರೇಡಿನ ಬಾಗನ್ನು ನೋಡುತ್ತಾ ಎಣಿಸುತ್ತಿದ್ದೆ. ತಳಕ್ಕೆ ಹದಿನೆಂಟು ಎಣಿಕೆ ಬೇಕಾಗುತ್ತಿತ್ತು. ಹನ್ನೊಂದಕ್ಕೆ ದಾರ ನಿಂತಾಗ ಎದೆ ಬಡಿದುಕೊಂಡರೂ ಜಗ್ಗದೆ, ಒಂದು ಉಸಿರು ತಡೆದು ಎತ್ತಿದೆ. ಒದ್ದೆ ಬಟ್ಟೆಯನ್ನು ನೀರಿನಿಂದ ಎತ್ತಿದಂಥ ಭಾರ ಕೈಗೆ ಬಂತು. ಅದು ಎಳೆದು ಬಿಟ್ಟು, ಎಳೆದು ಬಿಟ್ಟು ಬಂದ ಲಯವನ್ನು ಹಾವೇರಿಯ ಅಕ್ಕ ಹೇಳಿದಂತೆಯೇ ಬೆರಳಲ್ಲಿ ಕೇಳಿದೆ, ಕೈಯನ್ನು ನಿಲ್ಲಿಸಲಿಲ್ಲ. ಏಳು ಬೊಂಡಾಸ್‌ಗಳು ಹಿಡಿದವು, ಐದು ದಡಕ್ಕೆ ಬಂದವು. ಮೂರನ್ನು ಬಲೆಯಲ್ಲಿ, ಬೆನ್ನ ಕಡೆಯಿಂದ ಹಾಕಿ ತೆಗೆದುಕೊಂಡೆವು. ಅವುಗಳಲ್ಲಿ ಒಂದು ನಿಜಕ್ಕೂ ತಾನೇ ಬಲೆಯೊಳಕ್ಕೆ ಹಾರಿತು.

ತಪ್ಪಿಹೋದ ಎರಡರಲ್ಲಿ ಒಂದು ನಾನು ಅವಸರಪಟ್ಟದ್ದರಿಂದ ಹೋಯಿತು. ಇನ್ನೊಂದು ದೊಡ್ಡದು, ಬಂಡೆಯ ಹತ್ತಿರದವರೆಗೆ ಬಂತು. ಟಾರ್ಚಿನ ಬೆಳಕಿನಲ್ಲಿ ನೋಡಿದರೆ ಒಂದೇ ಒಂದು ಹಿಡಿಗೈ ಸೂಜಿಗೆ ಸಿಕ್ಕಿತ್ತು. ನೋಡುತ್ತಿದ್ದಂತೆಯೇ ಅದು ಚಿಮ್ಮಿತು, ಹಿಡಿಗೈಯ ತುಂಡೊಂದು ಜಿಗ್ಗಿನ ಮೇಲೆ ಉಳಿಯಿತು. ಅಂಥದನ್ನು ಉಳಿಸಿಕೊಳ್ಳಲು ಏನಾದರೂ ಮಾಡಬಹುದಿತ್ತೇ?

ಕುಮಟೆ ತವರು, ಹಾವೇರಿ

ಏಳರಲ್ಲಿ ಐದು ಎಂದು ಓದಿ ಬಹಳ ಸಂತೋಷವಾಯಿತು, ಅಣ್ಣಾ. ಟಾರ್ಚನ್ನು ನೇರವಾಗಿ ಅದರ ಮೇಲೆ ಬಿಡಬಾರದಿತ್ತು, ಬೆಳಕು ತಟ್ಟನೆ ಕಣ್ಣಿಗೆ ಬಿದ್ದರೆ ಅದು ಚಿಮ್ಮುತ್ತದೆ. ಒಂದೇ ಹಿಡಿಗೈ ಸಿಕ್ಕಿರುವುದು ನೋಡದೆಯೂ ತಿಳಿಯುತ್ತದೆ. ತೋಳುಗಳೆಲ್ಲ ಸಿಕ್ಕಿದ್ದರೆ ಭಾರ ಗಟ್ಟಿಯಾಗಿ, ಜಿಗ್ಗಿಗೆ ಅಂಟಿಕೊಂಡು ಬರುತ್ತದೆ. ಹಿಡಿಗೈ ಒಂದೇ ಆದರೆ ಅದು ರಬ್ಬರಿನಂತೆ ಹಿಗ್ಗುವುದರಿಂದ ಭಾರ ಜಿಗ್ಗಿನ ಹಿಂದೆ ಎಲ್ಲೋ ತಡವಾಗಿ, ತೂಗಿ ತೂಗಿ ಬರುತ್ತದೆ. ಹಾಗೆ ಅನ್ನಿಸಿದ ಕೂಡಲೇ ಡ್ರ್ಯಾಗನ್ನು ಇನ್ನೂ ಸ್ವಲ್ಪ ಸಡಿಲಿಸಿ, ಅವಸರಪಡದೆ, ಅದು ಚಿಮ್ಮಿದಷ್ಟೂ ಬಿಟ್ಟುಕೊಟ್ಟು, ಬಳಲಿದ ಮೇಲೆ ತನ್ನಿರಿ. ನನ್ನ ತಂದೆ ಅಂಥದನ್ನು ಮೇಲೆ ಎಳೆಯುತ್ತಲೇ ಇರಲಿಲ್ಲ, ಬಲೆಯನ್ನೇ ಆಳಕ್ಕೆ ಇಳಿಸಿ ಅದರ ಕೆಳಗೆ ಒಯ್ಯುತ್ತಿದ್ದರು.

ಜಿಗ್ಗಿನ ಸೂಜಿಗಳನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿರಿ. ಗೀರು ಬೀಳದೆ ಜಾರಿದರೆ ಮೊಂಡಾಗಿವೆ ಎಂದರ್ಥ; ಬಂಡೆಗೆ ತಾಗಿದ ಜಿಗ್ಗಿನಲ್ಲಿ ಇದು ಸಾಮಾನ್ಯ. ಸಣ್ಣ ಅರದಿಂದ ತುದಿಯನ್ನು ಮಸೆದು, ಬಾಗಿದ್ದನ್ನು ಇಕ್ಕಳದಿಂದ ನೆಟ್ಟಗೆ ಮಾಡಿಕೊಳ್ಳಿರಿ. ಮೊಂಡು ಸೂಜಿ ಇದ್ದಾಗಲೇ ಕೈ ಜಗ್ಗಲು ಹಾತೊರೆಯುತ್ತದೆ.

ಹಮ್ಮಿಗಿ ಹೊಳೆ, ಗದಗ

ಬ್ರೇಡ್ ತಂದೆ, ಹೊಂಡದಲ್ಲಿ ಮೂರು ಸಂಜೆ ಅಭ್ಯಾಸ ಮಾಡಿದೆ, ಜಗ್ಗುವ ಕೈಯನ್ನು ಎತ್ತುವ ಕೈ ಮಾಡಿಕೊಳ್ಳುತ್ತಿದ್ದೇನೆ. ಉಣಕಲ್ ಸ್ನೇಹಿತರೇ, ಬರುವ ಶನಿವಾರ ತಾವು ಇಳಿಯುವುದಾದರೆ ನಾನು ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಬಂದು ತಮ್ಮ ಜೊತೆ ಸೇರುತ್ತೇನೆ. ನನ್ನ ಹತ್ತಿರ ಉದ್ದ ಹಿಡಿಕೆಯ ಕೈಬಲೆ ಇದೆ, ಅದನ್ನು ತರುತ್ತೇನೆ.

ಉಣಕಲ್ ದಂಡೆ, ಹುಬ್ಬಳ್ಳಿ

ಅವಶ್ಯವಾಗಿ ಬನ್ನಿರಿ. ನಾನು ಅರ ಮತ್ತು ಇಕ್ಕಳ ತರುತ್ತೇನೆ. ಮೊದಲ ಎಸೆತದಲ್ಲಿ ತಳದ ಎಣಿಕೆಯನ್ನು ತಾವೇ ಹೇಳಬೇಕು.